ಬಿಳಿ ಕಾರನ್ನು ಪೂರ್ತಿ ಕಪ್ಪು ಮಾಡಿಸುವುದಾದರೆ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಪುಣೆಯ ವಾಕಡ್‌ನಲ್ಲಿ ಇದ್ದೀರಿ, ಕೆಎ-28, ಅಂದರೆ ವಿಜಯಪುರದ ನಂಬರಿನ ಬಿಳಿ ಎಸ್‌ಯುವಿ ಇದೆ. ಕಂಪನಿಯವರ ಬ್ಲ್ಯಾಕ್ ಎಡಿಶನ್ ಥರ ಕ್ರೋಮ್, ಅಲಾಯ್, ರೂಫ್, ಲೈಟು, ಗಾಜು ಎಲ್ಲ ಕಪ್ಪಾಗಬೇಕು. ಪೇಂಟ್ ಮಾಡಿಸಬೇಕೋ, ಮೈಮೇಲೆ ಬಣ್ಣದ ಫಿಲ್ಮ್ ಅಂಟಿಸುವ ರ‍್ಯಾಪ್ ಹಾಕಿಸಬೇಕೋ, ಪೊಲೀಸರು ಹಿಡಿಯುತ್ತಾರೋ ಹೇಗೆ, ಮತ್ತು ಮನೆಯಲ್ಲಿ "ಕರಿ ಬಣ್ಣ ಬ್ಯಾಡ" ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ.

ಮೊದಲು ಕ್ರೋಮ್, ಆಮೇಲೆ ಚಕ್ರ, ಆಮೇಲೆ ರೂಫ್. ಇಷ್ಟಾದ ಮೇಲೆ ಒಂದು ತಿಂಗಳು ಗಾಡಿ ಓಡಿಸಿ ನೋಡಿ. ಬಾಡಿಯನ್ನೂ ಕಪ್ಪು ಮಾಡಲೇಬೇಕು ಅನ್ನಿಸಿದರೆ ಆಗ ರ‍್ಯಾಪ್ ಹಾಕಿಸಿ. ಲೈಟು, ಗಾಜು, ನಂಬರ್ ಪ್ಲೇಟು ಈ ಮೂರರ ತಂಟೆಗೆ ಹೋಗಲೇಬೇಡಿ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ನಾನು ಇಂಡಿ ಕಡೆಯವನು, ಚಿಂಚವಾಡದಲ್ಲಿ ಕಾರುಗಳ ಬಣ್ಣ ಮತ್ತು ರ‍್ಯಾಪ್ ಕೆಲಸ ಮಾಡುತ್ತೇನೆ. ಕಪ್ಪು ಮಾಡಿಸಲು ಬರುವವರಲ್ಲಿ ಹೆಚ್ಚಿನವರು ಕಪ್ಪು ಅಂದರೆ ಒಂದೇ ಬಣ್ಣ ಅಂದುಕೊಂಡು ಬಂದಿರುತ್ತಾರೆ. ಗಾಡಿಯ ಮೇಲೆ ಬಂದಾಗ ಅದು ನಾಲ್ಕು ಬಣ್ಣ. ಕನ್ನಡಿಯಂತೆ ಹೊಳೆಯುವ ಗ್ಲಾಸಿ ಕಪ್ಪು, ಅರೆ ಹೊಳಪಿನ ಸ್ಯಾಟಿನ್, ಬೆಳಕನ್ನೇ ನುಂಗುವ ಮ್ಯಾಟ್, ಇವುಗಳ ಜೊತೆಗೆ ಬಂಪರಿನ ಕೆಳಗೆ ಮತ್ತು ಚಕ್ರದ ಕಮಾನಿನ ಸುತ್ತ ಕಂಪನಿಯೇ ಕೊಟ್ಟಿರುವ ದೊರಗು ಪ್ಲಾಸ್ಟಿಕ್ಕಿನ ಕಪ್ಪು. ಗ್ರಿಲ್ ಒಂದು ಅಂಗಡಿಯಲ್ಲಿ, ಅಲಾಯ್ ಇನ್ನೊಂದು ಕಡೆ, ರೂಫ್ ಮತ್ತೊಂದು ಕಡೆ ಮಾಡಿಸಿದರೆ ಒಂದರಲ್ಲಿ ನೀಲಿ ಛಾಯೆ, ಇನ್ನೊಂದರಲ್ಲಿ ಕಂದು ಛಾಯೆ ಎದ್ದು ಕಾಣುತ್ತದೆ. ಒಂದು ಕಪ್ಪು ಪ್ಯಾಂಟಿಗೆ ಬೇರೆ ಥಾನಿನ ಕಪ್ಪು ಕೋಟು ಹಾಕಿದಂತೆ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಒಂದೇ ಅನ್ನಿಸುತ್ತದೆ, ಹೊರಗೆ ಬಿಸಿಲಿಗೆ ತಂದಾಗ ಬಣ್ಣ ಬಯಲಾಗುತ್ತದೆ. ಅದಕ್ಕೆ ಫಿಲ್ಮಿನ ತುಂಡು ಅಥವಾ ಬಣ್ಣ ಹೊಡೆದ ಸ್ಯಾಂಪಲ್ಲನ್ನು ಗಾಡಿಯ ಪಕ್ಕ ಹಿಡಿದು ನಡು ಮಧ್ಯಾಹ್ನದ ಬಿಸಿಲಲ್ಲೂ ಸಂಜೆಯ ಇಳಿ ಬೆಳಕಲ್ಲೂ ನೋಡಿದ ಮೇಲೆಯೇ ಹೂಂ ಅನ್ನಿ.

ಎರಡಕ್ಕಿಂತ ಹೆಚ್ಚು ಕಪ್ಪು ಬೇಡ, ಇದು ನನ್ನ ಖಚಿತ ಅಭಿಪ್ರಾಯ. ಮೇಲಿನ ಭಾಗಕ್ಕೆ, ಅಂದರೆ ರೂಫ್, ಕನ್ನಡಿ ಕವರ್, ಗ್ರಿಲ್‌ಗೆ ಗ್ಲಾಸಿ. ಚಕ್ರಕ್ಕೆ ಸ್ಯಾಟಿನ್. ಒಂದೇ ಕಂಪನಿಯ ಒಂದೇ ಸರಣಿಯ ಫಿಲ್ಮ್ ತೆಗೆದುಕೊಂಡರೆ ಹೊಂದಿಸುವುದು ಸುಲಭ. 3ಎಂನ 2080 ಸರಣಿಯಲ್ಲಿ ಜಿ12 ಗ್ಲಾಸಿ ಕಪ್ಪು, ಎಸ್12 ಸ್ಯಾಟಿನ್, ಎಂ12 ಮ್ಯಾಟ್. ಹೀಗೆ ನಂಬರ್ ಹೇಳಿ ಕೇಳಿ, "ಒಳ್ಳೆ ಕ್ವಾಲಿಟಿ ಬ್ಲ್ಯಾಕ್ ಹಾಕ್ರಿ" ಅಂತ ಬಿಡಬೇಡಿ.

ನಾಲ್ಕು ವರ್ಷ ಬಿಸಿಲು ಕಂಡ ಗಾಡಿಯಲ್ಲಿ ಕೆಳಗಿನ ಪ್ಲಾಸ್ಟಿಕ್ ಕ್ಲ್ಯಾಡಿಂಗ್ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮೇಲೆ ಎಷ್ಟೇ ದುಡ್ಡು ಸುರಿದರೂ ಕೆಳಗೆ ಆ ಬೂದಿ ಹಾಗೇ ಉಳಿದರೆ ಗಾಡಿ ಹಳೆಯದಾಗಿಯೇ ಕಾಣುತ್ತದೆ. ಹೀಟ್‌ಗನ್ ಆಡಿಸಿ ಕಪ್ಪು ಮಾಡಿ ತೋರಿಸುವವರಿದ್ದಾರೆ. ಅದು ಬಹಳ ದಿನ ನಿಲ್ಲುವುದಿಲ್ಲ, ಕೈ ತಪ್ಪಿದರೆ ಪ್ಲಾಸ್ಟಿಕ್ಕಿನ ದೊರಗು ವಿನ್ಯಾಸವೇ ಕರಗಿ ಅಲ್ಲಲ್ಲಿ ಮಿರುಗುತ್ತದೆ. ಚೆನ್ನಾಗಿ ತೊಳೆದು, ಹಳೆಯ ಸಿಲಿಕೋನ್ ಪಾಲಿಶ್ ಪೂರ್ತಿ ತೆಗೆದು, ಪ್ಲಾಸ್ಟಿಕ್ಕಿನ ಕಪ್ಪು ಮರಳಿಸುವ ಟ್ರಿಮ್ ಕೋಟಿಂಗ್ ಹಾಕಿಸಿ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಇದು, ಅದರ ಫಲ ಮಾತ್ರ ದೊಡ್ಡದು.

ಕಂಪನಿಯವರು ಹೇಗೆ ಮಾಡುತ್ತಾರೆ ಅನ್ನುವುದನ್ನು ಶೋರೂಮಿಗೆ ಹೋಗಿ ನೋಡಿ ಬನ್ನಿ. ಟಾಟಾದವರು ಹ್ಯಾರಿಯರ್ ಡಾರ್ಕ್ ತಂದಿದ್ದು 2019ರಲ್ಲಿ, ಆ ಗಾಡಿ ನಮ್ಮ ಪುಣೆಯಲ್ಲೇ ತಯಾರಾಗುವುದು. ಹ್ಯುಂಡೈ ಕ್ರೆಟಾ ನೈಟ್ 2022ರಲ್ಲಿ ಬಂತು, ಮಾರುತಿಯ ನೆಕ್ಸಾ ಕಾರುಗಳ ಬ್ಲ್ಯಾಕ್ ಎಡಿಶನ್ 2023ರಲ್ಲಿ. ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ ಪಾಠ 2025ರ ಜನವರಿಯಲ್ಲಿ ಬಂದ ಹೋಂಡಾ ಎಲಿವೇಟ್‌ದು. ಅದರಲ್ಲಿ ಎರಡು ಹಂತ ಇಟ್ಟರು. ಬ್ಲ್ಯಾಕ್ ಎಡಿಶನ್ನಿನಲ್ಲಿ ಬಾಡಿ, ಚಕ್ರ ಕಪ್ಪು, ಆದರೆ ಗ್ರಿಲ್ ಮೇಲಿನ ಕ್ರೋಮ್ ಮತ್ತು ಬಂಪರ್ ಕೆಳಗಿನ ಬೆಳ್ಳಿ ಪಟ್ಟಿ ಹಾಗೇ ಉಳಿದವು. ಸಿಗ್ನೇಚರ್ ಬ್ಲ್ಯಾಕ್‌ನಲ್ಲಿ ಅವೂ ಕಪ್ಪಾದವು. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಆ ಸಣ್ಣ ಪಟ್ಟಿಗಳು ಎಷ್ಟು ವ್ಯತ್ಯಾಸ ಮಾಡುತ್ತವೆ ಅಂತ ಗೊತ್ತಾಗುತ್ತದೆ. ಕ್ರೋಮ್‌ನಿಂದ ಶುರು ಮಾಡಿ ಅಂದಿದ್ದು ಅದಕ್ಕೇ.

ಈಗ ಕ್ರೋಮ್ ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಗ್ರಿಲ್ಲಿನ ಕ್ರೋಮ್ ಕಬ್ಬಿಣವಲ್ಲ, ಎಬಿಎಸ್ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ತೆಳು ಲೋಹದ ಪದರ. ಅಷ್ಟು ನುಣುಪಿನ ಮೇಲ್ಮೈಗೆ ಬಣ್ಣ ಹಿಡಿಯುವುದಿಲ್ಲ. ಸ್ಪ್ರೇ ಡಬ್ಬಿ ತಂದು ನೇರವಾಗಿ ಹೊಡೆದರೆ ಮೊದಲ ಪ್ರೆಶರ್ ವಾಷಿಗೇ ಸಿಪ್ಪೆ ಏಳುತ್ತದೆ. ಪೇಂಟೇ ಆಗಬೇಕೆಂದರೆ ಬಂಪರ್ ಇಳಿಸಿ, ಗ್ರಿಲ್ ಬಿಚ್ಚಿ, ಉಜ್ಜುಕಾಗದದಿಂದ ಹೊಳಪು ಪೂರ್ತಿ ಸಾಯಿಸಿ, ಅಂಟು ಹಿಡಿಯುವ ಪ್ರೈಮರ್ ಕೊಟ್ಟು, ಬಣ್ಣ ಹೊಡೆದು, ಮೇಲೆ 2ಕೆ ಕ್ಲಿಯರ್ (ಗಟ್ಟಿಯಾಗಿಸುವ ದ್ರವ ಬೆರೆಸಿದ ಬಣ್ಣವಿಲ್ಲದ ಮೇಲ್ಪದರ) ಕೊಡಬೇಕು. ಬಿಚ್ಚದೆ ಪೇಪರ್ ಟೇಪ್ ಹಚ್ಚಿ ಹೊಡೆಯುತ್ತೇವೆ ಅನ್ನುವ ಕಡೆಯಿಂದ ಎದ್ದು ಬನ್ನಿ. ಜೇನುಗೂಡಿನಂತಹ ಸಣ್ಣ ಸಣ್ಣ ಕಿಂಡಿಗಳಿರುವ ಗ್ರಿಲ್ಲಿಗೆ ಪೇಂಟ್ ಸರಿ, ಅಲ್ಲಿ ಫಿಲ್ಮ್ ಕೂರಿಸಲು ಬರುವುದಿಲ್ಲ. ಉದ್ದನೆಯ ನೇರ ಪಟ್ಟಿ, ಬಾಗಿಲ ಹಿಡಿ, ಡಿಕ್ಕಿಯ ಮೇಲಿನ ಅಡ್ಡಪಟ್ಟಿಗೆ ಫಿಲ್ಮ್ ಸಾಕು. ಮುಂದೆ ಗಾಡಿ ಮಾರುವಾಗ ಸುಲಿದು ಕ್ರೋಮ್ ವಾಪಸ್ ತರಬಹುದು.

ಫಿಲ್ಮ್ ಎಲ್ಲಿ ಏಳುತ್ತದೆ ಅಂತ ನೋಡಬೇಕಾದರೆ ಕಿಟಕಿಯ ಕೆಳಗಿನ ಬೀಡಿಂಗ್ ನೋಡಿ. ಕಿಟಕಿ ಗಾಜಿಗೂ ಬಾಗಿಲ ತಗಡಿಗೂ ನಡುವೆ ಉದ್ದಕ್ಕೆ ಒಂದು ಕ್ರೋಮ್ ಪಟ್ಟಿ ಇರುತ್ತದಲ್ಲ, ಅದರ ಒಳ ಅಂಚಿಗೆ ರಬ್ಬರ್ ತಾಗಿರುತ್ತದೆ. ಆ ಸಂದಿಯಲ್ಲಿ ಮಣ್ಣು, ಹಳೆಯ ವ್ಯಾಕ್ಸು, ಡ್ಯಾಶ್‌ಬೋರ್ಡ್ ಪಾಲಿಶಿನ ಜಿಡ್ಡು ವರ್ಷಗಟ್ಟಲೆ ಕೂತಿರುತ್ತದೆ. ಮೇಲೆ ಮೇಲೆ ಒರೆಸಿ ಫಿಲ್ಮ್ ಅಂಟಿಸಿ, ರಬ್ಬರಿನ ಪಕ್ಕದಲ್ಲೇ ಬ್ಲೇಡಿನಿಂದ ಕತ್ತರಿಸಿ ಬಿಟ್ಟರೆ ಮಳೆಗಾಲ ಕಳೆಯುವಷ್ಟರಲ್ಲಿ ಅಂಚು ಕೂದಲೆಳೆಯಷ್ಟು ಏಳುತ್ತದೆ. ಅದರೊಳಗೆ ನೀರು, ನೀರಿನ ಜೊತೆ ಧೂಳು, ಅಲ್ಲಿಂದ ಮುಂದಕ್ಕೆ ಉಗುರಿನಿಂದ ಸುಲಿಯುವಷ್ಟು ಸಡಿಲ. ಸರಿಯಾದ ಕೆಲಸದಲ್ಲಿ ಪಟ್ಟಿಯನ್ನೇ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಫಿಲ್ಮನ್ನು ಹಿಂಬದಿಗೆ ಮಡಚಿ, ಮಡಚಿದ ಜಾಗಕ್ಕೆ ಕೊನೆಯಲ್ಲಿ ಮತ್ತೆ ಬಿಸಿ ಕೊಡುತ್ತಾರೆ. ಹಾಗೆ ಬಿಸಿ ಕೊಡದಿದ್ದರೆ ಎಳೆದು ಕೂರಿಸಿದ ವಿನೈಲ್ ತನ್ನ ಹಳೆಯ ಆಕಾರಕ್ಕೆ ವಾಪಸ್ ಹೋಗಲು ನೋಡುತ್ತದೆ. ಬಿಚ್ಚಲಾಗದ ಕಡೆ ನೈಫ್‌ಲೆಸ್ ಟೇಪ್ ಬಳಸುತ್ತಾರೆ. ಅದರೊಳಗಿನ ದಾರ ಎಳೆದರೆ ಫಿಲ್ಮ್ ಮಾತ್ರ ಕತ್ತರಿಸಿಕೊಳ್ಳುತ್ತದೆ, ಕೆಳಗಿನ ಬಣ್ಣಕ್ಕೆ ಗಾಯವಾಗುವುದಿಲ್ಲ. ಅಂಗಡಿಯವರನ್ನು ಈ ಟೇಪ್ ಇದೆಯೇ ಅಂತ ಕೇಳಿ. ಅವರ ಮುಖ ನೋಡಿದರೆ ಸಾಕು, ಉಳಿದದ್ದು ತಿಳಿಯುತ್ತದೆ.

ಇನ್ನೊಂದು ಮಾತು. ಅಡಾಸ್ (ಓಡಿಸುವವರಿಗೆ ನೆರವಾಗುವ ಸುರಕ್ಷತಾ ವ್ಯವಸ್ಥೆ) ಇರುವ ಗಾಡಿಯಾದರೆ ಮುಂದಿನ ಲೋಗೋ ಅಥವಾ ಗ್ರಿಲ್ಲಿನ ಹಿಂದೆ ರಾಡಾರ್ ಇರಬಹುದು. ಆ ಲೋಗೋ ಮೇಲೆ ಲೋಹದ ಕಣಗಳಿರುವ ಬಣ್ಣ ಹೊಡೆದರೆ ಅಥವಾ ದಪ್ಪ ಬ್ಯಾಡ್ಜ್ ಅಂಟಿಸಿದರೆ ರಾಡಾರಿನ ಕಣ್ಣು ಕಟ್ಟಿದಂತೆ, ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯೇ ಕೈಕೊಡಬಹುದು. ಬಂಪರಿನ ಪಾರ್ಕಿಂಗ್ ಸೆನ್ಸರ್ ಗುಂಡಿಗಳ ಮೇಲೂ ಫಿಲ್ಮ್ ಹಾಯಬಾರದು, ದಪ್ಪ ಬಣ್ಣ ಕೂರಬಾರದು.

ಚಕ್ರಗಳಿಗೆ ಬರೋಣ. ಅಲಾಯ್ ಕಪ್ಪು ಮಾಡಲು ಪೌಡರ್ ಕೋಟಿಂಗ್ ಗಟ್ಟಿ. ಪುಡಿ ಎರಚಿ ಭಟ್ಟಿಯಲ್ಲಿ ಸುಮಾರು 180ರಿಂದ 200 ಡಿಗ್ರಿಗೆ ಬೇಯಿಸುತ್ತಾರೆ. ಟೈರ್, ವಾಲ್ವ್, ಟೈರ್ ಪ್ರೆಶರ್ ಸೆನ್ಸರ್ ಇದ್ದರೆ ಅದು, ಎಲ್ಲ ಮೊದಲೇ ಹೊರಗೆ ಬರಬೇಕು. ಕಾವು ಹೆಚ್ಚಾದರೆ ಅಲಾಯ್‌ನ ಗಟ್ಟಿತನ ಕುಂದುತ್ತದೆ, ಹಾಗಾಗಿ ಭಟ್ಟಿಯ ತಾಪಮಾನ ಅಳೆಯುವ ಜಾಗವನ್ನೇ ಹುಡುಕಿ. ಯಾರೂ ಹೇಳದ ಸಂಗತಿ ಒಂದಿದೆ. ನಟ್ಟು ಕೂರುವ ಕುಳಿ ಮತ್ತು ಚಕ್ರ ಹಬ್ಬಿಗೆ ತಾಗುವ ಹಿಂಬದಿಯ ಮುಖ, ಈ ಎರಡಕ್ಕೂ ಬಣ್ಣ ತಾಗಬಾರದು. ಅಲ್ಲಿ ದಪ್ಪ ಪದರ ಇದ್ದರೆ ನಟ್ಟು ಬಿಗಿ ಮಾಡಿದಾಗ ಬಿಗಿಯಾಗಿರುವುದು ಬಣ್ಣದ ಮೇಲೆ. ಓಡಾಡುತ್ತ ಆ ಬಣ್ಣ ಪುಡಿಯಾದರೆ ನಟ್ಟು ಸಡಿಲ. ಕೋಟಿಂಗಿಗೆ ಮುಂಚೆ ಅಲ್ಲಿ ಮುಚ್ಚಳ ಹಾಕಿಸಿ, ಗಾಡಿ ಬಂದ ಮೇಲೆ 50-100 ಕಿಲೋಮೀಟರ್ ಓಡಿಸಿ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ನಟ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ. ಬ್ರೇಕ್ ಕ್ಯಾಲಿಪರ್‌ಗೆ ಕೆಂಪು ಬಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಪೂರ್ತಿ ಕಪ್ಪಿನ ನಡುವೆ ಕಣ್ಣು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ರೂಫ್ ಗ್ಲಾಸಿ ಕಪ್ಪು ಮಾಡಿದರೆ ಬಿಳಿ ಗಾಡಿ ತಗ್ಗಾಗಿ, ಉದ್ದವಾಗಿ ಕಾಣುತ್ತದೆ. ಚಂದ ನಿಜ, ಆದರೆ ಬಿಸಿ. ಅಮೆರಿಕದ ಬರ್ಕ್‌ಲಿ ಲ್ಯಾಬ್‌ನವರು ಒಂದು ಕಪ್ಪು ಮತ್ತು ಒಂದು ಬೆಳ್ಳಿ ಬಣ್ಣದ ಹೋಂಡಾ ಸಿವಿಕ್ ಬಿಸಿಲಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಪ್ರಕಟಿಸಿದ್ದಾರೆ. ಕಪ್ಪು ರೂಫ್ 25 ಡಿಗ್ರಿಯಷ್ಟು ಹೆಚ್ಚು ಕಾದಿತ್ತು, ಒಳಗಿನ ಗಾಳಿ ಐದಾರು ಡಿಗ್ರಿ ಹೆಚ್ಚು ಬಿಸಿ. ಪುಣೆಯ ಏಪ್ರಿಲ್-ಮೇ ಬಿಸಿಲಿಗೆ, ಅದೂ ಬೇಸಿಗೆ ರಜೆಗೆ ಮಕ್ಕಳನ್ನು ಕೂರಿಸಿಕೊಂಡು ಸೊಲ್ಲಾಪುರದ ಮೇಲೆ ವಿಜಯಪುರಕ್ಕೆ ಹೋಗುವವರಿಗೆ ಇದು ಸಣ್ಣ ಮಾತಲ್ಲ. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದರೆ ಧೈರ್ಯವಾಗಿ ಮಾಡಿಸಿ. ಇಡೀ ದಿನ ಆಫೀಸಿನ ಬಯಲಲ್ಲಿ ನಿಲ್ಲುವ ಗಾಡಿಯಾದರೆ ರೂಫ್ ಬಿಳಿಯೇ ಇರಲಿ ಅನ್ನುತ್ತೇನೆ. ಫಿಲ್ಮಿನ ಆಯುಸ್ಸೂ ಅಷ್ಟೇ, ಬಾಗಿಲ ಮೇಲೆ ವರ್ಷಗಟ್ಟಲೆ ಚೆನ್ನಾಗಿರುವ ಫಿಲ್ಮ್ ರೂಫ್ ಮತ್ತು ಬಾನೆಟ್ ಮೇಲೆ ಬೇಗ ಸೊರಗುತ್ತದೆ.

ಗಾಡಿಯ ಮೈಗೆ ಪೇಂಟೋ ರ‍್ಯಾಪೋ? ರ‍್ಯಾಪ್. ಕಂಪನಿಯ ಬಣ್ಣದ ಮೇಲೆ ಹೊರಗೆ ಹೊಡೆಯುವ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಬಾಗಿಲು ತೆಗೆದರೆ ಒಳಚೌಕಟ್ಟು ಬಿಳಿ, ಬಾನೆಟ್ ಎತ್ತಿದರೆ ಬಿಳಿ. ಅವನ್ನೂ ಬಣ್ಣ ಮಾಡಬೇಕೆಂದರೆ ಗಾಡಿ ಅರ್ಧ ಬಿಚ್ಚಬೇಕು. ಮಾರುವಾಗ ಕೊಳ್ಳುವವರು "ಆಕ್ಸಿಡೆಂಟ್ ಗಾಡಿ" ಅಂದುಕೊಳ್ಳುತ್ತಾರೆ. ರ‍್ಯಾಪ್ ತೆಗೆದರೆ ಕೆಳಗೆ ಅಸಲು ಬಣ್ಣ ಹಾಗೇ ಇರುತ್ತದೆ. ಆದರೆ ಯಾವುದಾದರೂ ಪ್ಯಾನೆಲ್ ಹಿಂದೆ ಗುದ್ದಿಸಿಕೊಂಡು ಮರುಬಣ್ಣ ಕಂಡಿದ್ದರೆ ಮೊದಲೇ ಹೇಳಿ, ಅಲ್ಲಿ ಫಿಲ್ಮ್ ಕೀಳುವಾಗ ಬಣ್ಣವೂ ಕಿತ್ತು ಬರಬಹುದು. ಫಿಲ್ಮ್ ಕಾಸ್ಟ್ ವಿನೈಲ್ (ದ್ರವವನ್ನು ತೆಳುವಾಗಿ ಹರಡಿ ಮಾಡಿದ್ದು) ಆಗಿರಬೇಕು, ಕ್ಯಾಲೆಂಡರ್ಡ್ (ರೋಲರಿನಲ್ಲಿ ಒತ್ತಿ ಮಾಡಿದ್ದು) ಅಲ್ಲ. ಎರಡನೆಯದು ಅಗ್ಗ, ಬಿಸಿಲಿಗೆ ಕುಗ್ಗುತ್ತದೆ, ಅಂಚುಗಳಲ್ಲಿ ಬಿಳಿ ಗೆರೆ ಬಿಡುತ್ತದೆ.

ಬಾಡಿ ಬಣ್ಣ ಬದಲಾಯಿತು ಅಂದರೆ ಆರ್‌ಸಿಯಲ್ಲೂ ಬದಲಾಗಬೇಕು. ಆರ್‌ಸಿಯಲ್ಲಿ ಬಿಳಿ, ರಸ್ತೆಯಲ್ಲಿ ಕಪ್ಪು ಅಂದರೆ ತಪಾಸಣೆಯಲ್ಲೂ ತೊಂದರೆ, ವಿಮೆ ಕ್ಲೇಮಿನಲ್ಲೂ ತೊಂದರೆ. ಕೆಲಸಕ್ಕೆ ಮುಂಚೆ ಆರ್‌ಟಿಒದಲ್ಲಿ ಕೇಳಿ, ವಿಮೆ ಕಂಪನಿಗೆ ಬರೆದು ತಿಳಿಸಿ. ಮೋಟಾರು ವಾಹನ ಕಾಯ್ದೆಯ 182ಎ ಕಲಂನಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಪ್ರತಿಯೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ಇನ್ನು ನಿಮ್ಮದು ಕೆಎ ನಂಬರು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಮಾಡಿಸಬೇಕು ಅಂತ ಅದೇ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಪುಣೆಯಲ್ಲಿ ನಮ್ಮ ಕಡೆಯ ಗಾಡಿಗಳನ್ನು ಪೊಲೀಸರು ತಡೆದು ನಿಲ್ಲಿಸುವುದು ನಿಮಗೂ ಗೊತ್ತು. ಇಲ್ಲೇ ನೆಲೆ ನಿಲ್ಲುವ ಯೋಚನೆ ಇದ್ದರೆ ಮೊದಲು ಎಂಎಚ್ ನಂಬರಿನ ಕೆಲಸ ಮುಗಿಸಿ, ಆಮೇಲೆ ಬಣ್ಣಕ್ಕೆ ಕೈ ಹಾಕಿ. ಬರೀ ಕ್ರೋಮ್ ಮತ್ತು ಚಕ್ರ ಕಪ್ಪು ಮಾಡಿದರೆ ಗಾಡಿಯ ಬಣ್ಣ ಬಿಳಿಯೇ ಉಳಿಯುತ್ತದೆ, ಈ ತಲೆನೋವು ಇರುವುದಿಲ್ಲ.

ಗಾಜಿನ ವಿಷಯದಲ್ಲಿ 2012ರ ಏಪ್ರಿಲ್ 27ರ ಸುಪ್ರೀಂ ಕೋರ್ಟ್ ತೀರ್ಪು ನಿಮಗೆ ನೆನಪಿರಬಹುದು, ಕಪ್ಪು ಫಿಲ್ಮ್ ಕೀಳಿಸಿದ್ದು ಆಗಲೇ. ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನಿಂದ 70 ಪ್ರತಿಶತ, ಪಕ್ಕದ ಗಾಜಿನಿಂದ 50 ಪ್ರತಿಶತ ಬೆಳಕು ಹಾಯಬೇಕು. ನಿಯಮ ತಿದ್ದುಪಡಿಯಾದ ಮೇಲೆ, ಈ ಮಿತಿಯೊಳಗಿನ ಫಿಲ್ಮಿಗೆ ದಂಡ ಹಾಕುವಂತಿಲ್ಲ ಅಂತ 2024ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೆ 50 ಪ್ರತಿಶತ ಬೆಳಕು ಬಿಡುವ ಗಾಜು ನಿಮಗೆ ಬೇಕಾದ ಕಪ್ಪು ನೋಟ ಕೊಡುವುದೇ ಇಲ್ಲ. ಸುಮ್ಮನೆ ಸಿಗ್ನಲ್ಲಿನಲ್ಲಿ ವಾದ ಮಾಡುತ್ತ ನಿಲ್ಲುವುದು ಯಾಕೆ?

ಲೈಟಿನ ಮೇಲೆ ಸ್ಮೋಕ್ ಫಿಲ್ಮ್ ಬಗ್ಗೆ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ, ನಮ್ಮಲ್ಲಿ ಹಾಕುವುದೂ ಇಲ್ಲ. ಜುಲೈನಲ್ಲಿ ಖಂಡಾಲ ಘಾಟಿನಲ್ಲಿ ಅಥವಾ ತಾಮ್ಹಿಣಿಯಲ್ಲಿ ಮಂಜು ಇಳಿದಾಗ ಮುಂದಿನ ಗಾಡಿಯದು ಕಾಣುವುದು ಎರಡು ಕೆಂಪು ಚುಕ್ಕಿ, ಅಷ್ಟೇ. ಬಿಳಿ ಗಾಡಿಯಾದರೆ ಬಾಡಿಯಾದರೂ ಸ್ವಲ್ಪ ತೋರುತ್ತದೆ. ಕಪ್ಪು ಗಾಡಿಗೆ ಆ ಎರಡು ಚುಕ್ಕಿಯೇ ಗತಿ. ಅದನ್ನೂ ಮಂಕು ಮಾಡಿದರೆ ಹಿಂದೆ ಬರುವ ಟ್ರಕ್ಕಿನವನಿಗೆ ನೀವು ಇರುವುದೇ ಗೊತ್ತಾಗುವುದಿಲ್ಲ. ಹಿಂದಿನ ಬಂಪರಿನಲ್ಲಿರುವ ಕೆಂಪು ರಿಫ್ಲೆಕ್ಟರನ್ನೂ ಮುಚ್ಚಬೇಡಿ. ಲೈಟಿನ ಒಳಗಿನ ಚೌಕಟ್ಟು ಕಪ್ಪಾಗಿರುವ, ಕಂಪನಿಯೇ ಕೊಟ್ಟಿರುವ ಲೈಟು ಬೇರೆ, ಅದರಲ್ಲಿ ಬೆಳಕು ಕಡಿಮೆಯಾಗುವುದಿಲ್ಲ.

ನಂಬರ್ ಪ್ಲೇಟು ಹಾಲೊಗ್ರಾಂ ಇರುವ ಎಚ್ಎಸ್‌ಆರ್‌ಪಿಯೇ ಇರಲಿ, ಅದರ ಮೇಲೆ ಕಪ್ಪು ಅಕ್ರಿಲಿಕ್ ಹೊದಿಕೆ ಬೇಡ. ಗೋವಾದಲ್ಲಿ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ನೋಡಿ ಆಸೆಪಟ್ಟು ಕೇಳುವವರಿದ್ದಾರೆ. ಅದು ನಾವೇ ಓಡಿಸಲು ಬಾಡಿಗೆಗೆ ಕೊಡುವ ಗಾಡಿಗಳ ಪ್ಲೇಟು, ಸ್ವಂತ ಗಾಡಿಗೆ ಹಾಕುವಂತಿಲ್ಲ.

ಮನೆಯವರ ಮಾತಿಗೆ ಬರುತ್ತೇನೆ. ಹಿರಿಯರ ಅಳುಕನ್ನು ತಳ್ಳಿಹಾಕಬೇಡಿ, ಗಾಡಿಯಲ್ಲಿ ಕೂರುವವರು ಅವರೂ ಹೌದು. ಆದರೆ ಅವರಿಗೆ ಇಷ್ಟು ಹೇಳಬಹುದು: ನಾವಿರುವ ಈ ಮಹಾರಾಷ್ಟ್ರದಲ್ಲಿ ಸಂಕ್ರಾಂತಿ ದಿನ ಹೆಣ್ಣುಮಕ್ಕಳು ಕಪ್ಪು ಸೀರೆಯನ್ನೇ ಹುಡುಕಿ ಉಡುತ್ತಾರೆ. ಮುಂಬೈಯಲ್ಲಿ ತಲೆಮಾರುಗಳ ಹೊಟ್ಟೆ ಹೊರೆದದ್ದು ಕಪ್ಪು ಮೈ, ಹಳದಿ ನೆತ್ತಿಯ ಟ್ಯಾಕ್ಸಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿ ಇಪ್ಪತ್ತು ವರ್ಷ ದುಡಿದು 2023ರಲ್ಲಿ ರಸ್ತೆ ಬಿಟ್ಟಿತು. ಅದಕ್ಕೂ ಒಪ್ಪದಿದ್ದರೆ ಬಾಡಿ ಬಿಳಿಯೇ ಇರಲಿ. ಬಿಳಿ ಮೈಗೆ ಕಪ್ಪು ಚಕ್ರ, ಕಪ್ಪು ಗ್ರಿಲ್ ನನಗಂತೂ ಪೂರ್ತಿ ಕಪ್ಪಿಗಿಂತ ಹೆಚ್ಚು ಇಷ್ಟ.

ಆಯುಧ ಪೂಜೆ ದಿನ ಮನೆಯವರಿಗೆ ಒಂದು ಮಾತು ಮೊದಲೇ ಹೇಳಿಡಿ. ಸ್ಯಾಟಿನ್ ಅಥವಾ ಮ್ಯಾಟ್ ಫಿಲ್ಮಿನ ಮೇಲೆ ನೇರವಾಗಿ ಅರಿಶಿನ, ಎಣ್ಣೆ ಕಲಸಿದ ಕುಂಕುಮ ಹಚ್ಚಿದರೆ ಕಲೆ ಕೂರುತ್ತದೆ, ಮ್ಯಾಟನ್ನು ಪಾಲಿಶ್ ಮಾಡಿ ತೆಗೆಯಲೂ ಬರುವುದಿಲ್ಲ. ಮುಂದಿನ ಗಾಜಿನ ಮೇಲೆ ಹಚ್ಚಲಿ, ಪೂಜೆಗೆ ಕೊರತೆಯಾಗುವುದಿಲ್ಲ. ಹೂವಿನ ಹಾರ ಟೇಪಿನಿಂದ ಅಂಟಿಸದೆ ದಾರದಿಂದ ಕಟ್ಟಲಿ.

ಇನ್ನು ದಿನದ ಆರೈಕೆ. ಸೊಸೈಟಿಯಲ್ಲಿ ಬೆಳಗ್ಗೆ ಗಾಡಿ ಒರೆಸುವವರು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲಾಗಿ ಎಲ್ಲ ಗಾಡಿ ಒರೆಸುತ್ತಾರೆ. ಹಿಂದಿನ ಗಾಡಿಯ ಮರಳು ನಿಮ್ಮ ಬಾನೆಟ್ ಮೇಲೆ ಸುತ್ತು ಹಾಕುತ್ತದೆ. ಬಿಳಿಯಲ್ಲಿ ಅದು ಕಾಣುವುದಿಲ್ಲ. ಗ್ಲಾಸಿ ಕಪ್ಪಿನಲ್ಲಿ ಬಿಸಿಲು ಬಿದ್ದರೆ ಜೇಡರ ಬಲೆಯಂತೆ ಗೀರು ಗೀರು. ಅವರಿಗೆ ತಿಂಗಳ ಹಣ ಕೊಡುತ್ತಲೇ ಇರಿ, ಒಳಗೆ ಮತ್ತು ಗಾಜು ಮಾತ್ರ ಒರೆಸಲು ಹೇಳಿ. ಗಾಡಿಯ ಮೈಗೆ ವಾರಕ್ಕೊಮ್ಮೆ ನೀವೇ ಎರಡು ಬಕೆಟ್ ಇಟ್ಟುಕೊಂಡು, ಮೊದಲು ಬರೀ ನೀರು ಹಾಯಿಸಿ, ಆಮೇಲೆ ಶಾಂಪೂ, ಮೈಕ್ರೊಫೈಬರ್ ಬಟ್ಟೆಯಲ್ಲಿ ತಕ್ಷಣ ನೀರು ಹೀರಿಸಿ. ಬೋರ್‌ವೆಲ್ ನೀರು ಬಿಸಿಲಲ್ಲಿ ಒಣಗಿದರೆ ಸುಣ್ಣದ ಚುಕ್ಕೆ ಬೀಳುತ್ತದೆ, ಕಪ್ಪಿನ ಮೇಲೆ ಅದು ದೂರದಿಂದಲೇ ಕಾಣುತ್ತದೆ.

ಮಾಡಿಸುವುದು ದೀಪಾವಳಿ ಕಳೆದ ಮೇಲೆ, ಬೇಸಿಗೆ ಬರುವ ಮುಂಚೆ. ಮಳೆಗಾಲದ ತೇವದಲ್ಲಿ ಬಣ್ಣದ ಹೊಳಪು ಮಬ್ಬಾಗುತ್ತದೆ. ಹೊಸ ಫಿಲ್ಮಿಗೂ ಮೊದಲ ಒಂದು ವಾರ ತೊಳೆಯದೆ ಬಿಡಬೇಕು, ಪ್ರೆಶರ್ ಗನ್ನಿನ ನೀರು ಅಂಚಿಗೆ ಯಾವತ್ತೂ ನೇರವಾಗಿ ಹೊಡೆಯಬಾರದು. ಒಳ್ಳೆಯ ಕಾಸ್ಟ್ ಫಿಲ್ಮಿನಲ್ಲಿ ಇಡೀ ಗಾಡಿ ಸುತ್ತಿಸಿದರೆ ಲಕ್ಷದ ಆಚೀಚೆ ಹೋಗಬಹುದು, ಕ್ರೋಮ್ ಮತ್ತು ಚಕ್ರಕ್ಕೆ ಅದರ ಒಂದು ಸಣ್ಣ ಪಾಲು ಸಾಕು. ಮೂರು ಕಡೆ ರೇಟು ಕೇಳಿ, ಪ್ರತಿಯೊಬ್ಬರಲ್ಲೂ ವರ್ಷದ ಹಿಂದೆ ಮಾಡಿದ ಗಾಡಿಯೊಂದನ್ನು ತೋರಿಸಿ ಅನ್ನಿ, ನಿನ್ನೆ ಮಾಡಿದ್ದು ಎಲ್ಲರದೂ ಚೆನ್ನಾಗಿರುತ್ತದೆ.

ಗಾಡಿ ಯಾವ ಮಾಡೆಲ್, ಅಡಾಸ್ ಇದೆಯೋ ಇಲ್ಲವೋ, ದಿನಾ ಎಲ್ಲಿ ನಿಲ್ಲಿಸುತ್ತೀರಿ ಅಂತ ಬರೆಯಿರಿ. ಗ್ರಿಲ್ಲಿನ ಒಂದು ಫೋಟೋ ಹಾಕಿದರೆ ಯಾವ ಭಾಗಕ್ಕೆ ಫಿಲ್ಮ್, ಯಾವುದಕ್ಕೆ ಪೇಂಟ್ ಅಂತ ಒಂದೊಂದಾಗಿ ಹೇಳುತ್ತೇನೆ.